ಶಾಲೆಯ ಹಣ ಶಾಸನಸಭೆಯಲ್ಲಿ ನಡೆಯುವ ದಾರಿ

ಕೆಲವು ವರ್ಷಗಳ ಹಿಂದಿನ ಮಾತು. ಏಳನೆಯ ಇಯತ್ತೆಯಲ್ಲಿ ನಾಗರಿಕಶಾಸ್ತ್ರದ ಪಾಠ ನಡೆದಿದ್ದಾಗ ಒಬ್ಬ ಹುಡುಗನು ಎದ್ದು ನಿಂತು, "ಗುರುಗಳೇ, ನಿಮ್ಮ ಪಗಾರ ಯಾರು ಕೊಡ್ತಾರ್ರಿ?" ಎಂದು ಕೇಳಿದನು. ಪುಸ್ತಕದಲ್ಲಿ ಉತ್ತರವು ಸಿದ್ಧವಾಗಿತ್ತು: ಸರಕಾರ. ಅದನ್ನೇ ಹೇಳಿ ನಾನು ಮುಂದಿನ ಪಾಠಕ್ಕೆ ಸಾಗಿದೆನು. ಆದರೆ ಸಂಜೆ ಮನೆಗೆ ನಡೆದು ಹೋಗುವಾಗ, ನಾನು ಕೊಟ್ಟದ್ದು ಉತ್ತರವೇ ಅಲ್ಲವೆಂದು ಅನಿಸತೊಡಗಿತು. ಯಾರು ಕೊಡುತ್ತಾರೆ ಎಂಬ ಪ್ರಶ್ನೆಯ ಹಿಂದೆ, ಯಾರ ಒಪ್ಪಿಗೆಯಿಂದ ಕೊಡುತ್ತಾರೆ ಎಂಬ ಇನ್ನೊಂದು ಪ್ರಶ್ನೆಯಿದೆ. ಮೊದಲನೆಯದನ್ನು ಹುಡುಗನು ಕೇಳಿದನು. ಎರಡನೆಯದನ್ನು ನಾವು ಶಿಕ್ಷಕರೇ ಎಷ್ಟೋ ವರ್ಷ ಕೇಳಿಕೊಂಡಿಲ್ಲ.

ನಮ್ಮ ಸೀಮೆಯಲ್ಲಂತೂ "ಸರಕಾರ" ಎಂಬ ಶಬ್ದವು ನಿಂತಲ್ಲಿ ನಿಂತ ಶಬ್ದವಲ್ಲ. ಗುಂಜೋಟಿಯಲ್ಲಿ ೧೯೩೦ರ ಆಸುಪಾಸಿನಲ್ಲಿ ಹುಟ್ಟಿದ ಮುದುಕನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಅವನು ಊರು ಬಿಟ್ಟು ಕದಲಿಲ್ಲ. ಆದರೂ ಅವನು ಹುಟ್ಟಿದ್ದು ನಿಜಾಮನ ರಾಜ್ಯದೊಳಗಿನ ಪಾಯಗಾ ಜಾಗೀರಿನಲ್ಲಿ, ಮೊದಲ ಸಲ ಮತ ಹಾಕಿದ್ದು ಹೈದರಾಬಾದು ರಾಜ್ಯದಲ್ಲಿ, ಮಗನನ್ನು ಶಾಲೆಗೆ ಸೇರಿಸಿದ್ದು ಮುಂಬಯಿ ರಾಜ್ಯದಲ್ಲಿ, ಮೊಮ್ಮಗನನ್ನು ಸೇರಿಸಿದ್ದು ಮಹಾರಾಷ್ಟ್ರದಲ್ಲಿ. ಮನೆ ಒಂದೇ, ಬಾಗಿಲು ಒಂದೇ, ಸರಕಾರಗಳು ನಾಲ್ಕು. ಈ ನಾಲ್ಕೂ ಕಾಲಗಳಲ್ಲಿ ಶಾಲೆಯ ಹಣವು ಯಾವ ದಾರಿಯಿಂದ ಬಂದಿತು, ಆ ದಾರಿಯಲ್ಲಿ ಯಾರ್ಯಾರ ಕೈ ತಾಗಿತು ಎಂಬುದನ್ನು ವಾಚಕರೊಡನೆ ವಿಚಾರ ಮಾಡಬೇಕೆಂಬುದೇ ಈ ಲೇಖನದ ಉದ್ದೇಶ.

ನಿಜಾಮನ ಆಡಳಿತದಲ್ಲಿ ಲೆಕ್ಕಪತ್ರವಿರಲಿಲ್ಲವೆಂದು ತಿಳಿಯುವುದು ತಪ್ಪು. ಲೆಕ್ಕವು ಬಹಳ ಚೊಕ್ಕಟವಾಗಿಯೇ ಇದ್ದಿತು. ಅಕಬರ್ ಹೈದರಿಯವರು ೧೯೨೧ರಲ್ಲಿ ಹಣಕಾಸಿನ ಹೊಣೆ ಹೊತ್ತ ಬಳಿಕ ಪ್ರತಿಯೊಂದು ಖಾತೆಗೂ ಕೆಲವು ವರ್ಷಗಳ ವೆಚ್ಚವನ್ನು ಮೊದಲೇ ಗೊತ್ತುಪಡಿಸುವ ಪದ್ಧತಿಯು ಜಾರಿಗೆ ಬಂದಿತು. ಆ ಕಾಲದಲ್ಲಿ ದೇಶದ ಅನೇಕ ಸಂಸ್ಥಾನಗಳಲ್ಲಿ ರಾಜನ ಖಾಸಗಿ ಖಜಾನೆಯೂ ರಾಜ್ಯದ ಖಜಾನೆಯೂ ಒಂದೇ ಆಗಿದ್ದುದನ್ನು ನೆನೆದರೆ, ಇದು ಕಡಿಮೆಯ ಮಾತಲ್ಲ. ವರ್ಷವು ಫಸಲಿ ವರ್ಷ. ಅಜೂರ್ ತಿಂಗಳಿನಲ್ಲಿ, ಎಂದರೆ ಅಕ್ಟೋಬರದ ಮೊದಲ ವಾರದಲ್ಲಿ ಅದು ಆರಂಭವಾಗುತ್ತಿತ್ತು. ನಾಣ್ಯವು ಹಾಲಿಸಿಕ್ಕಾ, ಅದರ ಏಳು ರೂಪಾಯಿಗೆ ಬ್ರಿಟಿಷ್ ಭಾರತದ ಆರು ರೂಪಾಯಿ ಎಂಬ ಲೆಕ್ಕವನ್ನು ನಮ್ಮ ಹಿರಿಯರು ಬಾಯಿಪಾಠ ಮಾಡಿದ್ದರು. ಗಡಿಯಾಚೆ ಸೊಲ್ಲಾಪುರದ ಪೇಟೆಗೆ ಹೋಗುವವರಿಗೆ ಈ ಗಣಿತವಿಲ್ಲದೆ ಗತಿಯಿರಲಿಲ್ಲ.

ಲೆಕ್ಕವಿದ್ದಿತು, ಮತವಿರಲಿಲ್ಲ. ಇದೇ ಆ ಕಾಲದ ಸಾರ. ಹೈದರಾಬಾದಿನಲ್ಲಿ ೧೮೯೩ರಲ್ಲಿಯೇ ಶಾಸನ ಸಮಿತಿಯೊಂದು ಸ್ಥಾಪನೆಗೊಂಡಿತ್ತು. ಆದರೆ ಅದರಲ್ಲಿ ಅಧಿಕಾರಿಗಳೇ ತುಂಬಿದ್ದರು, ಮುಂಗಡಪತ್ರವನ್ನು ಚರ್ಚಿಸುವ ಅಧಿಕಾರವು ಅದಕ್ಕೆ ಇರಲಿಲ್ಲ. ಹಣ ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸುವ ಕಡೆಯ ಮಾತು ಫರ್ಮಾನಿನದು. ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪನೆಗೊಂಡು, ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಡುವ ದೊಡ್ಡ ಸಾಹಸವು ನಡೆಯಿತು. ಆ ಭಾಷೆ ಉರ್ದು. ರಾಜ್ಯದ ಬಹುಜನರ ಭಾಷೆಗಳು ತೆಲುಗು, ಮರಾಠಿ, ಕನ್ನಡ. ಉರ್ದುವಿನ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಬಹು ಸುಂದರವಾದ ಭಾಷೆ ಅದು. ಆದರೆ ಆ ಭಾಷೆಗೆ ಹಣ ಸಲ್ಲಲಿ ಎಂದು ಯಾರೂ ಮತ ಹಾಕಿರಲಿಲ್ಲ; ನಮ್ಮ ಭಾಷೆಗೆ ಸಲ್ಲದಿರಲಿ ಎಂದೂ ಯಾರೂ ಮತ ಹಾಕಿರಲಿಲ್ಲ. ಜನರು ತಮ್ಮ ಖರ್ಚಿನಿಂದ ಶಾಲೆ ತೆರೆಯಬೇಕೆಂದರೆ, ೧೯೨೪ರಲ್ಲಿ ಬಂದ ಖಾನಗಿ ಮದರಸೆಗಳ ನಿಯಮವು ಅಡ್ಡ ನಿಂತಿತು. ಪೂರ್ವಾನುಮತಿಯಿಲ್ಲದೆ ಖಾಸಗಿ ಶಾಲೆ ನಡೆಸುವಂತಿರಲಿಲ್ಲ. ಜಾಗೀರುಗಳಲ್ಲಿಯೂ ಪಾಯಗಾಗಳಲ್ಲಿಯೂ ಸ್ಥಿತಿಯು ಇನ್ನೂ ಒಂದು ಮೆಟ್ಟಿಲು ಕೆಳಗಿನದು. ಪಾಯಗಾ ಅಮೀರರು ಕಂದಾಯ, ನ್ಯಾಯ, ಪೋಲೀಸು ಇವೆಲ್ಲವನ್ನೂ ತಮ್ಮ ಕೈಯಲ್ಲಿಯೇ ಇಟ್ಟುಕೊಂಡಿದ್ದರು. ಹೈದರಾಬಾದಿನ ಮುಂಗಡಪತ್ರವು ಎಷ್ಟು ಚೊಕ್ಕಟವಾಗಿದ್ದರೂ ಗುಂಜೋಟಿಯ ರೈತನು ಕೊಟ್ಟ ಕಂದಾಯವು ಮೊದಲು ಅಮೀರನ ಲೆಕ್ಕಕ್ಕೆ ಹೋಗುತ್ತಿತ್ತು.

ಇದೇ ಕಾಲದಲ್ಲಿ ನೆರೆಯ ಕನ್ನಡ ಪ್ರದೇಶಗಳಲ್ಲಿ ಏನು ನಡೆದಿತ್ತೆಂಬುದನ್ನು ಒಮ್ಮೆ ನೋಡಬೇಕು. ಮೈಸೂರಿನಲ್ಲಿ ೧೮೮೧ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯು ಕೂಡಿತು. ಅಲ್ಲಿ ದಿವಾನರು ವರ್ಷದ ಆದಾಯ ವೆಚ್ಚಗಳ ವಿವರವನ್ನು ಓದಿ ಹೇಳುತ್ತಿದ್ದರು. ಪ್ರತಿನಿಧಿಗಳು ಕೇಳುತ್ತಿದ್ದರು, ಅರಿಕೆ ಮಾಡಿಕೊಳ್ಳುತ್ತಿದ್ದರು, ಅಷ್ಟೇ. ೧೯೨೩ರ ಸುಧಾರಣೆಯ ಬಳಿಕವೇ ಅಲ್ಲಿನ ನ್ಯಾಯವಿಧಾಯಕ ಸಭೆಗೆ ವೆಚ್ಚದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಬಂದಿತು. ಧಾರವಾಡ, ಬೆಳಗಾವಿ, ವಿಜಾಪುರಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ ೧೯೧೯ರ ಕಾಯಿದೆಯ ಮೇರೆಗೆ ಶಿಕ್ಷಣವು ಭಾರತೀಯ ಮಂತ್ರಿಗಳ ವಶಕ್ಕೆ ಬಂದಿತು. ಖಜಾನೆಯ ಕೀಲಿಕೈ ಮಾತ್ರ ಗವರ್ನರರ ಕಡೆಯಲ್ಲಿಯೇ ಉಳಿಯಿತು. ಅಡಿಗೆಮನೆಯನ್ನು ಸೊಸೆಗೆ ಕೊಟ್ಟು ಉಗ್ರಾಣದ ಕೀಲಿಯನ್ನು ಅತ್ತೆಯೇ ಸೆರಗಿಗೆ ಕಟ್ಟಿಕೊಂಡಂತಹ ಸ್ಥಿತಿ.

ಶಿಕ್ಷಣದ ಹಣಕ್ಕಾಗಿ ಶಾಸನಸಭೆಯಲ್ಲಿ ನಡೆದ ಮೊದಲ ದೊಡ್ಡ ಹೋರಾಟವು ಇದಕ್ಕೂ ಹಿಂದಿನದು. ಗೋಪಾಲ ಕೃಷ್ಣ ಗೋಖಲೆಯವರು ೧೯೧೧ನೆಯ ಮಾರ್ಚ್ ೧೬ರಂದು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಸಾಮ್ರಾಜ್ಯದ ಶಾಸನಸಭೆಯಲ್ಲಿ ಮಂಡಿಸಿದರು. ಆರರಿಂದ ಹತ್ತು ವರ್ಷದೊಳಗಿನ ಹುಡುಗರಿಗೆ, ಅದೂ ಸ್ಥಳೀಯ ಸಂಸ್ಥೆಗಳು ಇಷ್ಟಪಟ್ಟ ಕಡೆಗಳಲ್ಲಿ ಮಾತ್ರ, ಶಿಕ್ಷಣವನ್ನು ಕಡ್ಡಾಯ ಮಾಡಬಹುದೆಂಬುದಷ್ಟೇ ಅದರ ಬಯಕೆ. ಮರುವರ್ಷದ ಮಾರ್ಚಿನಲ್ಲಿ ಅದು ೧೩ಕ್ಕೆ ವಿರುದ್ಧವಾಗಿ ೩೮ ಮತಗಳಿಂದ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಸರಕಾರಿ ಸದಸ್ಯರಷ್ಟೇ ಅಲ್ಲ, ನಮ್ಮವರೂ ಇದ್ದರು. ಆ ಹದಿಮೂರು ಕೈಗಳನ್ನು ನಾನು ಆಗಾಗ ನೆನೆಯುತ್ತೇನೆ. ಸೋತರೂ ಅವು ಎಣಿಕೆಯಾದವು. ಮುದ್ರಿತವಾದ ನಡಾವಳಿಯಲ್ಲಿ ಉಳಿದವು. ಫರ್ಮಾನಿನ ರಾಜ್ಯದಲ್ಲಿ ಸೋಲುವುದಕ್ಕೂ ಅವಕಾಶವಿರಲಿಲ್ಲ.

ಹೈದರಾಬಾದಿನಲ್ಲಿ ೧೯೩೯ರ ಸುಧಾರಣೆಗಳು ಘೋಷಿತವಾಗಿ, ೧೯೪೬ರಲ್ಲಿ ವಿಧಾನಸಭೆಯೆಂಬುದು ಕೂಡಿತಾದರೂ ಪ್ರಜಾಪಕ್ಷವು ಅದನ್ನು ಬಹಿಷ್ಕರಿಸಿತ್ತು. ನಿಜವಾದ ತಿರುವು ೧೯೪೮ನೆಯ ಸೆಪ್ಟೆಂಬರ ೧೭ರ ಬಳಿಕದ್ದು. ೧೯೪೯ನೆಯ ಆಗಸ್ಟ್ ೧೫ರಂದು ಜಾಗೀರುಗಳು ರದ್ದಾದವು. ೧೯೫೦ನೆಯ ಏಪ್ರಿಲ್ ೧ರಂದು ರಾಜ್ಯದ ಹಣಕಾಸು ಭಾರತ ಒಕ್ಕೂಟದ ವ್ಯವಸ್ಥೆಯೊಳಗೆ ಸೇರಿತು. ರೈಲು, ಅಂಚೆ, ಸುಂಕ ಮುಂತಾದವು ಕೇಂದ್ರಕ್ಕೆ ಹೋದವು. ೧೯೫೨ರಲ್ಲಿ ಪ್ರಾಪ್ತವಯಸ್ಕರ ಮತದಿಂದ ೧೭೫ ಸದಸ್ಯರ ವಿಧಾನಸಭೆಯು ಆಯ್ಕೆಯಾಯಿತು. ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾದರು. ಸಾರ್ವಜನಿಕ ಉದ್ಯಾನದಲ್ಲಿ ೧೯೧೩ರಲ್ಲಿ ಟೌನ್ ಹಾಲಾಗಿ ಕಟ್ಟಿದ್ದ ಬಿಳಿಯ ಕಟ್ಟಡದಲ್ಲಿ ತೆಲುಗು, ಮರಾಠಿ, ಕನ್ನಡ, ಉರ್ದು ನುಡಿಯುವ ಸದಸ್ಯರು ಒಂದೇ ಸೂರಿನ ಕೆಳಗೆ ಕುಳಿತು ಶಿಕ್ಷಣಕ್ಕೆಷ್ಟು, ಪೋಲೀಸಿಗೆಷ್ಟು ಎಂದು ಕೇಳತೊಡಗಿದರು. ಉಮರ್ಗಾ ಸೀಮೆಯ ಶಾಲೆಯೊಂದರ ಪಗಾರಕ್ಕೆ, ನಮ್ಮ ಇತಿಹಾಸದಲ್ಲಿ ಮೊಟ್ಟಮೊದಲು, ನಾವು ಆರಿಸಿದವರ ಒಪ್ಪಿಗೆ ಬೇಕಾಯಿತು. ಈ ಮಾತನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಅಂತಹ ಸಭೆಯು ನಮಗೆ ಐದೇ ಮುಂಗಾರುಗಳ ಮಟ್ಟಿಗೆ ದೊರೆಯಿತೆಂಬುದನ್ನು ಅವು ಹೇಳುವುದೇ ಇಲ್ಲ.

೧೯೫೬ನೆಯ ನವಂಬರ ೧ ಬಂದಿತು. ಉಸ್ಮಾನಾಬಾದ ಜಿಲ್ಲೆಯು ಮುಂಬಯಿ ರಾಜ್ಯಕ್ಕೆ ಹೋಯಿತು. ಬೀದರ ಜಿಲ್ಲೆಯು ಒಡೆಯಿತು: ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿಗೆ, ಬೀದರ, ಭಾಲ್ಕಿ ಮೊದಲಾದವು ಮೈಸೂರಿಗೆ. ಆಳಂದವೂ ಬಸವಕಲ್ಯಾಣವೂ ನಮ್ಮ ಬೆನ್ನಿಗೇ ಇರುವ ಊರುಗಳು. ಅಲ್ಲಿನ ಶಿಕ್ಷಕರ ಹಣವು ಬೆಂಗಳೂರಿನ ಸಭೆಯ ಮತಕ್ಕೆ ಕಾಯತೊಡಗಿತು, ಇಲ್ಲಿನವರದು ಮುಂಬಯಿಯ ಸಭೆಯ ಮತಕ್ಕೆ. ವರ್ಷದ ನಡುವೆ ನಡೆದ ಈ ಪಾಲಿನಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಏಪ್ರಿಲಿನಿಂದ ಅಕ್ಟೋಬರದ ವರೆಗಿನ ಪಗಾರಕ್ಕೆ ಹೈದರಾಬಾದಿನ ಸಂಚಿತ ನಿಧಿಯು ಹೊಣೆ, ನವಂಬರದಿಂದ ಮುಂಬಯಿಯದು. ರಾಜ್ಯವೊಂದರ ಸಂಚಿತ ನಿಧಿಯಿಂದ ಇನ್ನೊಂದು ರಾಜ್ಯದ ಸಭೆಯು ಒಂದು ಕಾಸನ್ನೂ ತೆಗೆಯಲಾರದು. ಗಡಿಯೆಂದರೆ ಕಲ್ಲು ನೆಟ್ಟ ಗೆರೆಯೆಂದು ಹುಡುಗರು ತಿಳಿಯುತ್ತಾರೆ. ನಿಜವಾದ ಗಡಿಯು ಎರಡು ಖಜಾನೆಗಳ ನಡುವಿನದು.

ಅದೇ ವರ್ಷ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯಾಗಿ, ೩೫೦-ಎ ಎಂಬ ಅನುಚ್ಛೇದವು ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲತೆ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದು ಎಂದು ಅದು ಹೇಳುತ್ತದೆ. ನಮ್ಮ ಕನ್ನಡ ಶಾಲೆಗಳು ಈ ಸಾಲಿನ ನೆರಳಿನಲ್ಲಿ ನಿಂತಿವೆ. ಆದರೆ ಸಂವಿಧಾನದ ಸಾಲು ತಾನಾಗಿ ಪಗಾರ ಕೊಡುವುದಿಲ್ಲ. ಅದನ್ನು ಹಣವಾಗಿ ಮಾರ್ಪಡಿಸುವ ಯಂತ್ರವು ೨೦೨ರಿಂದ ೨೦೭ರ ವರೆಗಿನ ಅನುಚ್ಛೇದಗಳಲ್ಲಿದೆ. ೧೯೬೦ನೆಯ ಮೇ ೧ರಂದು ಮಹಾರಾಷ್ಟ್ರ ರಾಜ್ಯವಾದ ಮೇಲೆ ಇಂದಿನ ವರೆಗೂ ನಮ್ಮ ಹಣವು ನಡೆಯುವುದು ಆ ದಾರಿಯಲ್ಲಿಯೇ. ಅದರಲ್ಲಿ ಹೆಜ್ಜೆಯಿಟ್ಟು ನೋಡೋಣ.

ವರ್ಷಕ್ಕೊಮ್ಮೆ ಮುಂಬಯಿಯ ಅಧಿವೇಶನದಲ್ಲಿ, ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ, ಅರ್ಥಮಂತ್ರಿಗಳು ವಿಧಾನಸಭೆಯಲ್ಲಿ ವಾರ್ಷಿಕ ಆಯವ್ಯಯವನ್ನು ಮಂಡಿಸುತ್ತಾರೆ. ಅದೇ ಹೊತ್ತಿಗೆ ರಾಜ್ಯಮಂತ್ರಿಗಳು ವಿಧಾನಪರಿಷತ್ತಿನಲ್ಲಿ ಮಂಡಿಸುತ್ತಾರೆ. ನಮ್ಮ ಮುಂಗಡಪತ್ರವೇ ಮರಾಠಿಯಲ್ಲಿ 'ಅರ್ಥಸಂಕಲ್ಪ'. ಸಂಕಲ್ಪವೆಂಬ ಶಬ್ದವು ಬಹಳ ಒಪ್ಪುತ್ತದೆ. ಪೂಜೆಯಲ್ಲಿಯೂ ಸಂಕಲ್ಪವಾದೊಡನೆ ಫಲ ಸಿಗುವುದಿಲ್ಲ. ಈ ಪತ್ರದಲ್ಲಿ ವೆಚ್ಚವು ಎರಡು ಬಗೆಯದು. ರಾಜ್ಯಪಾಲರ ವೇತನ, ಉಚ್ಚ ನ್ಯಾಯಾಧೀಶರ ವೇತನ, ಸಾಲದ ಬಡ್ಡಿ ಇವು ಸಂಚಿತ ನಿಧಿಯ ಮೇಲೆ ನೇರವಾಗಿ ಹೊರಿಸಿದವು. ಇವುಗಳನ್ನು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಉಳಿದುದೆಲ್ಲವೂ ಮತಕ್ಕೆ ಬರತಕ್ಕದ್ದು. ಎಂದರೆ ಸಾಲ ಕೊಟ್ಟ ಸಾಹುಕಾರನ ಬಡ್ಡಿಗೆ ಮತ ಬೇಕಿಲ್ಲ. ಹಳ್ಳಿಯ ಶಿಕ್ಷಕನ ಪಗಾರಕ್ಕೆ ಬೇಕು. ಇದರಿಂದ ಶಿಕ್ಷಕರು ಬೇಸರಿಸಬೇಕಾದುದಿಲ್ಲ. ಪ್ರತಿವರ್ಷವೂ ಯಾವುದಕ್ಕಾಗಿ ಜನಪ್ರತಿನಿಧಿಗಳ ಮುಂದೆ ಕೈಯೊಡ್ಡಬೇಕೋ ಅದರ ವಿಷಯವಾಗಿ ಪ್ರತಿವರ್ಷವೂ ಅವರು ಪ್ರಶ್ನೆ ಕೇಳಬಹುದು.

ಮೊದಲು ನಡೆಯುವುದು ಸಾಮಾನ್ಯ ಚರ್ಚೆ, ಅದರಲ್ಲಿ ಮತವಿಲ್ಲ. ಬಳಿಕ ಖಾತೆವಾರು ಬೇಡಿಕೆಗಳು ಒಂದೊಂದಾಗಿ ಬರುತ್ತವೆ. ರಾಜ್ಯಪಾಲರ ಶಿಫಾರಸಿಲ್ಲದೆ ಯಾವ ಬೇಡಿಕೆಯನ್ನೂ ಮಂಡಿಸುವಂತಿಲ್ಲ. ಎಂದರೆ ಹಣ ಕೇಳುವವರು ಸರಕಾರದವರೇ ಆಗಿರಬೇಕು, ಸದಸ್ಯರಲ್ಲ. ಸಭೆಯು ಆ ಬೇಡಿಕೆಯನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿಮೆ ಮಾಡಬಹುದು. ಹೆಚ್ಚಿಸುವಂತಿಲ್ಲ!

ಇಲ್ಲಿಯೇ ಈ ದಾರಿಯ ಬಹು ಸ್ವಾರಸ್ಯದ ತಿರುವು ಇರುವುದು. ಗಡಿಭಾಗದ ಶಾಸಕರೊಬ್ಬರಿಗೆ, ತಮ್ಮ ಕ್ಷೇತ್ರದ ಕನ್ನಡ ಶಾಲೆಗಳಿಗೆ ಇನ್ನಷ್ಟು ಶಿಕ್ಷಕರು ಬೇಕೆಂಬ ಇಚ್ಛೆಯಿದೆಯೆಂದು ಇಟ್ಟುಕೊಳ್ಳೋಣ. ಶಿಕ್ಷಣ ಖಾತೆಯ ಬೇಡಿಕೆಗೆ ಇನ್ನೊಂದು ಕೋಟಿ ಸೇರಿಸಿರೆಂದು ಅವರು ಸೂಚನೆ ತರಲಾರರು. ಅವರು ತರಬಹುದಾದುದು ಕಡಿತದ ಸೂಚನೆಯನ್ನು. ಮರಾಠಿಯಲ್ಲಿ 'ಕಪಾತ ಸೂಚನಾ'. ನಮ್ಮ ಸಂಸದೀಯ ಪದ್ಧತಿಯಲ್ಲಿ ಇದಕ್ಕೆ ಮೂರು ರೂಪಗಳಿವೆ. ನೀತಿಯೇ ಒಪ್ಪಿಗೆಯಿಲ್ಲವೆನ್ನುವವರು ಇಡೀ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಬೇಕೆನ್ನುತ್ತಾರೆ. ದುಂದು ವೆಚ್ಚವೆನ್ನುವವರು ಗೊತ್ತಾದ ಮೊತ್ತವನ್ನು ಕಡಿಯಬೇಕೆನ್ನುತ್ತಾರೆ. ಕುಂದುಕೊರತೆಯನ್ನು ಹೇಳಬೇಕಾದವರು ನೂರು ರೂಪಾಯಿ ಕಡಿಯಬೇಕೆನ್ನುತ್ತಾರೆ. ಆದುದರಿಂದ ಹೆಚ್ಚು ಶಿಕ್ಷಕರನ್ನು ಕೇಳುವ ಸದಸ್ಯರು, ಶಿಕ್ಷಣದ ಹಣದಲ್ಲಿ ನೂರು ರೂಪಾಯಿ ಕಡಿಮೆ ಮಾಡಿರಿ ಎಂದು ಬರೆದುಕೊಡಬೇಕು. ಹೊಸಬರಿಗೆ ಇದು ಹಾಸ್ಯಾಸ್ಪದವಾಗಿ ತೋರುವುದು. ಆದರೆ ಆ ನೂರು ರೂಪಾಯಿಯ ನೆವದಿಂದ ಹೆಸರು, ಊರು, ತಾಲೂಕು ಹಿಡಿದು ಶಾಲೆಯ ಮಾತನ್ನು ಆಡಬಹುದು. ಮಂತ್ರಿಗಳು ಉತ್ತರ ಕೊಡಬೇಕಾಗುತ್ತದೆ. ಉತ್ತರವು ನಡಾವಳಿಯಲ್ಲಿ ಅಚ್ಚಾಗುತ್ತದೆ. ಕೊನೆಗೆ ಸೂಚನೆಯನ್ನು ಹಿಂದೆಗೆದುಕೊಂಡರೂ ಮಾತು ಹಿಂದೆ ಹೋಗುವುದಿಲ್ಲ. ಹಾಗೆ ಮಾತನಾಡುವಾಗ ಭಾಷೆಯ ತೊಡಕು ಬಂದರೆ, ೨೧೦ನೆಯ ಅನುಚ್ಛೇದವು ಒಂದು ಕಿಟಕಿಯನ್ನು ತೆರೆದಿಟ್ಟಿದೆ. ರಾಜ್ಯದ ಭಾಷೆಯಲ್ಲಾಗಲಿ ಹಿಂದಿ ಇಂಗ್ಲೀಷುಗಳಲ್ಲಾಗಲಿ ತಮ್ಮ ಅಭಿಪ್ರಾಯವನ್ನು ಸರಿಯಾಗಿ ಹೇಳಲಾರದ ಸದಸ್ಯರು ಅಧ್ಯಕ್ಷರ ಅನುಮತಿಯಿಂದ ಮಾತೃಭಾಷೆಯಲ್ಲಿ ಮಾತನಾಡಬಹುದು. ಗಡಿಯ ಶಾಸಕರು ಮರಾಠಿಯನ್ನು ಚೆನ್ನಾಗಿಯೇ ಬಲ್ಲವರಾದ್ದರಿಂದ ಆ ಕಿಟಕಿಯ ಅಗತ್ಯ ಅಪರೂಪ. ಆದರೂ ಅದು ಅಲ್ಲಿದೆಯೆಂದು ನಮ್ಮ ಹುಡುಗರಿಗೆ ತಿಳಿದಿರಲಿ.

ಎಲ್ಲ ಬೇಡಿಕೆಗಳಿಗೂ ಚರ್ಚೆಯ ಭಾಗ್ಯವಿಲ್ಲ. ಗೊತ್ತುಪಡಿಸಿದ ಕೊನೆಯ ದಿನ ಉಳಿದವುಗಳನ್ನೆಲ್ಲ ಮಾತಿಲ್ಲದೆ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೋಟಿನ್ ಎಂಬ ಫ್ರಾನ್ಸಿನ ಶಿರಚ್ಛೇದ ಯಂತ್ರದ ಹೆಸರನ್ನು ಇಟ್ಟಿದ್ದಾರೆ. ಕತ್ತರಿಸುವುದು ಹಣವನ್ನಲ್ಲ, ಮಾತನ್ನು. ಶಿಕ್ಷಣದಂತಹ ದೊಡ್ಡ ಖಾತೆಯು ಚರ್ಚೆಗೆ ಬಂದ ವರ್ಷವೂ, ಹಾಗೆಯೇ ಸರಿದುಹೋದ ವರ್ಷವೂ ಶಿಕ್ಷಕರ ಕೈಗೆ ಬರುವ ಮೊತ್ತವೇನೋ ಒಂದೇ. ಆದರೆ ಒಂದರಲ್ಲಿ ಪ್ರಶ್ನೆ ಕೇಳಿದ ದಾಖಲೆಯಿದೆ, ಇನ್ನೊಂದರಲ್ಲಿ ಇಲ್ಲ.

ಬೇಡಿಕೆ ಬಿದ್ದರೆ ಏನಾಗುವುದು? ಬಹುಮತದ ಸರಕಾರದ ಬೇಡಿಕೆ ಸಾಮಾನ್ಯವಾಗಿ ಬೀಳುವುದಿಲ್ಲ. ಬಿದ್ದರೆ ಸರಕಾರವೇ ಬೀಳುತ್ತದೆ. ೧೯೬೭ನೆಯ ಜುಲೈ ತಿಂಗಳಿನಲ್ಲಿ ಮಧ್ಯಪ್ರದೇಶದ ವಿಧಾನಸಭೆಯಲ್ಲಿ ದ್ವಾರಕಾಪ್ರಸಾದ ಮಿಶ್ರರ ಪಕ್ಷದ ೩೬ ಮಂದಿ ಸದಸ್ಯರು ಗೋವಿಂದ ನಾರಾಯಣ ಸಿಂಹರ ಮುಂದಾಳುತನದಲ್ಲಿ ಎದುರು ಬದಿಗೆ ದಾಟಿದ್ದು ಶಿಕ್ಷಣ ಖಾತೆಯ ಬೇಡಿಕೆಯ ಹೊತ್ತಿನಲ್ಲಿಯೇ. ಆ ತಿಂಗಳು ಮುಗಿಯುವುದರೊಳಗೆ ಮಿಶ್ರರು ಇಳಿದು ಸಿಂಹರು ಮುಖ್ಯಮಂತ್ರಿಗಳಾದರು. ಶಿಕ್ಷಣದ ಮೇಲಿನ ಪ್ರೀತಿಯಿಂದ ಯಾರೂ ದಾಟಿದವರಲ್ಲ. ಪಕ್ಷದೊಳಗಿನ ಜಗಳಕ್ಕೆ ಶಿಕ್ಷಣದ ಬೇಡಿಕೆಯು ಆ ದಿನ ಸಿಕ್ಕ ಹೊಸ್ತಿಲು, ಅಷ್ಟೇ.

ಬೇಡಿಕೆಗಳು ಮಂಜೂರಾದ ಮಾತ್ರಕ್ಕೆ ಖಜಾನೆಯ ಬಾಗಿಲು ತೆರೆಯುವುದಿಲ್ಲ. ಮಂಜೂರಾದ ಎಲ್ಲ ಮೊತ್ತಗಳನ್ನೂ ಸೇರಿಸಿ ಧನವಿನಿಯೋಗ ಮಸೂದೆಯನ್ನು ಮಂಡಿಸಬೇಕು. ಸಭೆಯು ಈಗಾಗಲೇ ಒಪ್ಪಿದ ಮೊತ್ತವನ್ನು ಬದಲಿಸುವ, ಅಥವಾ ಅದರ ಗುರಿಯನ್ನು ತಿರುಗಿಸುವ ತಿದ್ದುಪಡಿಯನ್ನು ಇದಕ್ಕೆ ತರುವಂತಿಲ್ಲ. ವಿಧಾನಸಭೆಯು ಅಂಗೀಕರಿಸಿದ ಮೇಲೆ ಅದು ವಿಧಾನಪರಿಷತ್ತಿಗೆ ಹೋಗುತ್ತದೆ. ಹೈದರಾಬಾದಿನಲ್ಲಿ ಮೇಲ್ಮನೆಯಿರಲಿಲ್ಲ, ಮುಂಬಯಿಗೆ ಬಂದ ಮೇಲೆಯೇ ನಮಗೆ ಇದರ ಪರಿಚಯ. ಹಣದ ಮಸೂದೆಯ ವಿಷಯದಲ್ಲಿ ಮೇಲ್ಮನೆಗೆ ಹದಿನಾಲ್ಕು ದಿನಗಳ ಅವಕಾಶವಿದೆ. ಸಲಹೆಗಳನ್ನು ಕೊಡಬಹುದು, ಅವುಗಳನ್ನು ಕೆಳಮನೆಯು ಒಪ್ಪಿದರೆ ಒಪ್ಪಿತು, ಬಿಟ್ಟರೆ ಬಿಟ್ಟಿತು. ಹದಿನಾಲ್ಕು ದಿನ ಸುಮ್ಮನಿದ್ದರೂ ಮಸೂದೆ ಅಂಗೀಕಾರವಾದಂತೆಯೇ. ಇಂಗ್ಲೆಂಡಿನ ಪ್ರಭುಗಳ ಸಭೆಯು ೧೯೦೯ರ ಮುಂಗಡಪತ್ರವನ್ನು ತಡೆದು, ೧೯೧೧ರ ಕಾಯಿದೆಯಿಂದ ತನ್ನ ಕೈಯನ್ನು ತಾನೇ ಕಟ್ಟಿಸಿಕೊಂಡ ಕಥೆಯು ಈ ನಿಯಮದ ಹಿಂದಿದೆ. ಅಲ್ಲಿ ಒಂದು ತಿಂಗಳ ಗಡುವು; ನಮ್ಮವರು ಅದನ್ನು ಹದಿನಾಲ್ಕು ದಿನಗಳಿಗೆ ಇಳಿಸಿದರು.

ಅಧಿಕಾರವು ಅಲ್ಪವಾದರೂ ಈ ಪರಿಷತ್ತಿನಲ್ಲಿ ಶಿಕ್ಷಕರಿಗೊಂದು ವಿಶೇಷ ಸ್ಥಾನವಿದೆ. ಅದರ ಸುಮಾರು ಹನ್ನೆರಡರಲ್ಲಿ ಒಂದು ಭಾಗದ ಸದಸ್ಯರನ್ನು ಶಿಕ್ಷಕರೇ ಆರಿಸುತ್ತಾರೆ. ಮಹಾರಾಷ್ಟ್ರದ ೭೮ ಸ್ಥಾನಗಳಲ್ಲಿ ೭ ಸ್ಥಾನಗಳು ಶಿಕ್ಷಕರವು. ಆದರೆ ಮಾಧ್ಯಮಿಕ ಶಾಲೆಗಿಂತ ಕೆಳಗಿನ ಹಂತದಲ್ಲಿ ಕಲಿಸುವವರಿಗೆ ಈ ಮತವಿಲ್ಲ. ಗಡಿಯ ಕನ್ನಡ ಶಾಲೆಗಳಲ್ಲಿ ಬಹಳಷ್ಟು ಪ್ರಾಥಮಿಕ ಶಾಲೆಗಳೇ. ಅಕ್ಷರ ಕಲಿಸಿದವನಿಗೆ ಮತವಿಲ್ಲ, ವ್ಯಾಕರಣ ಕಲಿಸಿದವನಿಗೆ ಇದೆ! ಸಂವಿಧಾನ ರಚಿಸಿದವರ ಮೇಲೆ ನನಗೆ ಅಪಾರ ಗೌರವವಿದ್ದರೂ ಈ ಒಂದು ಭೇದದ ಕಾರಣವು ನನ್ನ ಬುದ್ಧಿಗೆ ಇಂದಿಗೂ ಹಿಡಿಸಿಲ್ಲ.

ಕೊನೆಗೆ ರಾಜ್ಯಪಾಲರ ಅಂಕಿತ. ಬೇರೆ ಮಸೂದೆಗಳನ್ನು ಅವರು ಮರುವಿಚಾರಕ್ಕೆ ತಿರುಗಿ ಕಳುಹಿಸಬಹುದು, ಹಣದ ಮಸೂದೆಯನ್ನು ಕಳುಹಿಸುವಂತಿಲ್ಲ. ಇಷ್ಟೆಲ್ಲವೂ ಮಾರ್ಚ್ ೩೧ರೊಳಗೆ ಮುಗಿಯದಿದ್ದರೆ, ಕೆಲವು ತಿಂಗಳ ವೆಚ್ಚಕ್ಕೆ ಲೇಖಾನುದಾನವೆಂಬ ತಾತ್ಪೂರ್ತಿಕ ಒಪ್ಪಿಗೆಯನ್ನು ಪಡೆಯುತ್ತಾರೆ. ಅದೂ ಇಲ್ಲದಿದ್ದರೆ ಏಪ್ರಿಲ್ ೧ರಂದು ಖಜಾನೆಯ ಅಧಿಕಾರಿಯು ಒಂದು ಬಿಲ್ಲನ್ನೂ ಪಾಸು ಮಾಡಲಾರನು. ಇದು ಬರಿಯ ಕಲ್ಪನೆಯ ಭಯವಲ್ಲ. ೧೯೬೮ನೆಯ ಮಾರ್ಚಿನಲ್ಲಿ ಪಂಜಾಬಿನ ವಿಧಾನಸಭೆಯ ಅಧ್ಯಕ್ಷರು, ಮುಂಗಡಪತ್ರವು ಇನ್ನೂ ಮುಗಿಯದೆ ಇರುವಾಗ, ಸಭೆಯನ್ನು ಎರಡು ತಿಂಗಳು ಮುಂದೂಡಿಬಿಟ್ಟರು. ರಾಜ್ಯಪಾಲರು ಅಧಿವೇಶನವನ್ನು ಮುಗಿಸಿ, ಹೊಸದಾಗಿ ಸಭೆ ಕರೆದು, ಹಣದ ಕೆಲಸವನ್ನು ನಡೆಸುವುದಕ್ಕಾಗಿ ಅಧ್ಯಾದೇಶವನ್ನು ಹೊರಡಿಸಬೇಕಾಯಿತು. ಗದ್ದಲದ ನಡುವೆ ಅಂಗೀಕಾರವಾದ ಆ ಕಾಯಿದೆಗಳನ್ನು ಉಚ್ಚ ನ್ಯಾಯಾಲಯವು ಅಸಿಂಧುವೆಂದಿತು. ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಸಿಂಧುವೆಂದು ಎತ್ತಿಹಿಡಿಯಿತು.

ಇಲ್ಲಿಗೆ ಪಠ್ಯಪುಸ್ತಕದ ದಾರಿ ಮುಗಿಯುತ್ತದೆ. ನಮ್ಮ ಶಾಲೆಯ ದಾರಿ ಮುಗಿಯುವುದಿಲ್ಲ. ಅಂಗೀಕಾರವಾದ ಕಾಯಿದೆಯನ್ನು ತೆರೆದು ನೋಡಿದರೆ ಅದರಲ್ಲಿ ಗುಂಜೋಟಿಯೂ ಇಲ್ಲ, ಕನ್ನಡವೂ ಇಲ್ಲ. ಸಾಮಾನ್ಯ ಶಿಕ್ಷಣವೆಂಬ ಮುಖ್ಯ ಶೀರ್ಷಿಕೆಗೆ ಇಂದು ೨೨೦೨ ಎಂಬ ಸಂಖ್ಯೆ. ಅದರ ಕೆಳಗೆ ಪ್ರಾಥಮಿಕ, ಮಾಧ್ಯಮಿಕ ಎಂಬ ವಿಭಾಗಗಳು. ಸಭೆಯ ಮುಂದೆ ಓದಲ್ಪಡುವುದು ಇಡೀ ಬೇಡಿಕೆಯ ಒಟ್ಟು ಮೊತ್ತ. ಸದಸ್ಯರು ಕೈಯೆತ್ತುವುದು ಆ ಮೊತ್ತಕ್ಕೆ. ೧೯೬೧ರ ಜಿಲ್ಲಾ ಪರಿಷತ್ತು ಮತ್ತು ಪಂಚಾಯತ ಸಮಿತಿಗಳ ಕಾಯಿದೆಯ ಮೇರೆಗೆ ೧೯೬೨ರಿಂದ ಪ್ರಾಥಮಿಕ ಶಾಲೆಗಳು ಜಿಲ್ಲಾ ಪರಿಷತ್ತಿನ ಕೈಯಲ್ಲಿವೆ. ಆದ್ದರಿಂದ ಹಣವು ಅನುದಾನವಾಗಿ ಜಿಲ್ಲೆಗೆ ಇಳಿಯುತ್ತದೆ. ನಿಲಂಗಾ, ಉದಗೀರಗಳಿಗೆ ೧೯೮೨ರಿಂದ ಆ ಜಿಲ್ಲೆ ಲಾತೂರು. ಉಮರ್ಗಾಕ್ಕೆ ಉಸ್ಮಾನಾಬಾದ, ೨೦೨೩ರಿಂದ ಅದರ ಹೆಸರು ಧಾರಾಶಿವ. ಜಿಲ್ಲಾ ಪರಿಷತ್ತಿಗೂ ತನ್ನದೇ ಮುಂಗಡಪತ್ರವಿದೆ, ಶಿಕ್ಷಣ ಸಮಿತಿಯಿದೆ. ೨೦೨೨ರಲ್ಲಿ ಅವಧಿ ಮುಗಿದ ಬಳಿಕ ರಾಜ್ಯದ ಅನೇಕ ಪರಿಷತ್ತುಗಳು ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದ ಕಾಲವೂ ಬಂದಿತು.

ಹಾಗಾದರೆ ಕನ್ನಡ ಶಾಲೆಯೊಂದಕ್ಕೆ ಎಷ್ಟು ಶಿಕ್ಷಕರೆಂಬುದನ್ನು ಗೊತ್ತುಪಡಿಸುವುದು ಎಲ್ಲಿ? ಸಭೆಯಲ್ಲಿ ಅಲ್ಲ, ಸಂಚಮಾನ್ಯತೆಯ ತಖ್ತೆಯಲ್ಲಿ. ಸೆಪ್ಟೆಂಬರ ೩೦ರ ಪಟಸಂಖ್ಯೆಯನ್ನು ಹಿಡಿದು ಶಾಲೆಗೆ ಇಷ್ಟು ಹುದ್ದೆಗಳೆಂದು ಮಂಜೂರು ಮಾಡುವ ಪದ್ಧತಿಯನ್ನು ನಮ್ಮ ಮುಖ್ಯಾಧ್ಯಾಪಕರೆಲ್ಲರೂ ಬಲ್ಲರು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಕೆಳಗಿನ ಪ್ರಾಥಮಿಕ ತರಗತಿಗಳಲ್ಲಿ ೬೦ ಮಕ್ಕಳವರೆಗೆ ೨ ಶಿಕ್ಷಕರೆಂದಿತು, ೬೧ ಆದೊಡನೆ ೩. ಒಂದು ಮಗುವಿನ ಹೆಸರಿನಲ್ಲಿ ಒಬ್ಬ ಶಿಕ್ಷಕನ ವರ್ಷದ ಪಗಾರ ತೂಗುತ್ತದೆ.

ಅದಕ್ಕಿಂತಲೂ ಸೂಕ್ಷ್ಮವಾದ ಸಂಗತಿಯೊಂದಿದೆ. ಮುಂದಿನ ವರ್ಷದ ಅಂದಾಜನ್ನು ಸಿದ್ಧಪಡಿಸುವ ಕೆಲಸವು ಮಾರ್ಚಿನಲ್ಲಿ ಅಲ್ಲ, ಮಳೆಗಾಲ ಮುಗಿದು ಚಳಿ ಹತ್ತುವ ಹೊತ್ತಿಗೇ ಕಚೇರಿಗಳಲ್ಲಿ ಆರಂಭವಾಗುತ್ತದೆ; ಅದಕ್ಕೆ ಆಧಾರವು ಹಿಂದಿನ ವರ್ಷದ ನಿಜವೆಚ್ಚ, ನಡೆಯುತ್ತಿರುವ ವರ್ಷದ ಕೆಲವು ತಿಂಗಳ ವೆಚ್ಚ. ಕನ್ನಡ ಬಲ್ಲ ಶಿಕ್ಷಕನು ನಿವೃತ್ತನಾಗಿ ಆ ಸ್ಥಾನವು ತೆರವಾಗಿ ಉಳಿದರೆ, ಅವನ ಪಗಾರದ ಹಣವು ಉಳಿತಾಯವೆಂಬ ಹೆಸರಿನಿಂದ ಮಾರ್ಚ್ ೩೧ಕ್ಕೆ ಖಜಾನೆಗೆ ಮರಳುತ್ತದೆ. ಮರುವರ್ಷದ ಅಂದಾಜಿನಲ್ಲಿ ವೆಚ್ಚವಾಗದ ಹಣಕ್ಕೆ ಜಾಗ ಕಡಿಮೆ. ಶಿಕ್ಷಕನಿಲ್ಲದ ಶಾಲೆಯನ್ನು ತಂದೆತಾಯಿಗಳು ಬಿಡಿಸುತ್ತಾರೆ, ಪಟ ಇಳಿಯುತ್ತದೆ, ಪಟ ಇಳಿದುದರಿಂದ ಹುದ್ದೆಯೇ ಮಂಜೂರಿಯಿಂದ ಹೋಗುತ್ತದೆ. ಯಾರೂ ಕನ್ನಡ ಶಾಲೆಯ ವಿರುದ್ಧ ಮತ ಹಾಕಲಿಲ್ಲ, ಯಾರೂ ಫರ್ಮಾನು ಹೊರಡಿಸಲಿಲ್ಲ. ಸಭೆಯ ಮೇಜಿಗೆ ಬರುವ ಮೊದಲೇ ಆ ಅಂಕಿ ಕಾಗದದಿಂದ ಅಳಿಸಿಹೋಗಿರುತ್ತದೆ. ಗೋಖಲೆಯವರ ಹದಿಮೂರು ಮತಗಳಂತೆ ಈ ಸೋಲು ಯಾವ ನಡಾವಳಿಯಲ್ಲಿಯೂ ಎಣಿಕೆಯಾಗುವುದಿಲ್ಲ.

ಆದುದರಿಂದ ಶಿಕ್ಷಕರಾದ ನಮ್ಮ ಕೆಲಸದ ಕಾಲವು ಮಾರ್ಚ್ ಅಲ್ಲ. ತೆರವಾದ ಹುದ್ದೆಯನ್ನು ಆ ವರ್ಷದ ಸೆಪ್ಟೆಂಬರದೊಳಗೆ ಲಿಖಿತವಾಗಿ ತಾಲೂಕಿನ ಕಚೇರಿಗೆ ತಿಳಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಬಿಟ್ಟುಹೋದುದು ಅರಿವಾದರೆ ಇನ್ನೊಂದು ಬಾಗಿಲಿದೆ: ಸಾಮಾನ್ಯವಾಗಿ ಡಿಸೆಂಬರದಲ್ಲಿ ನಾಗಪುರದಲ್ಲಿ ಕೂಡುವ ಅಧಿವೇಶನದಲ್ಲಿ 'ಪುರವಣಿ ಮಾಗಣ್ಯಾ' ಎಂಬ ಪೂರಕ ಬೇಡಿಕೆಗಳು ಬರುತ್ತವೆ. ಶಾಸಕರ ಕೈಗೆ ಆಗ ಶಾಲೆಯ ಹೆಸರು, ಪಟಸಂಖ್ಯೆ, ತೆರವಾದ ದಿನಾಂಕ ಇವಿಷ್ಟನ್ನು ಒಂದು ಹಾಳೆಯಲ್ಲಿ ಮರಾಠಿಯಲ್ಲಿ ಬರೆದು ಕೊಟ್ಟರೆ ಸಾಕು. ಸನ್ಮಾನದ ಹಾರಕ್ಕಿಂತ ಅದು ಅವರಿಗೆ ಹೆಚ್ಚು ಉಪಯೋಗವಾದೀತು. ನನ್ನ ಸೇವೆಯ ಕಾಲದಲ್ಲಿ ಒಂದು ಕಚೇರಿಯಲ್ಲಿ ಇಂತಹ ಅರ್ಜಿಯೊಂದು ಮೂರು ವರ್ಷ ಮೇಜಿನಿಂದ ಮೇಜಿಗೆ ಸಂಚರಿಸಿದ್ದನ್ನು ಕಂಡಿದ್ದೇನೆ. ನಾಲ್ಕನೆಯ ವರ್ಷ ಅದಕ್ಕೆ ಉತ್ತರ ಬಂದಿತು, ಪಟಸಂಖ್ಯೆ ಸಾಲದೆಂದು. ಅರ್ಜಿ ಕೊಟ್ಟ ವರ್ಷ ಅದು ಸಾಕಷ್ಟಿತ್ತು. ಅದರ ಪ್ರತಿ ಮಾತ್ರ ನಮ್ಮಲ್ಲಿರಲಿಲ್ಲ.

ಆ ಹುಡುಗನಿಗೆ ನಾನು ಉತ್ತರವನ್ನು ಬಾಕಿಯಿಟ್ಟುಕೊಳ್ಳಲಿಲ್ಲ. ಮರುವಾರ ಶಾಲಾರ್ಥದಿಂದ ತೆಗೆದ ಪಗಾರದ ಬಿಲ್ಲಿನ ಪ್ರತಿಯನ್ನು ವರ್ಗಕ್ಕೆ ಒಯ್ದು, ಹಲಗೆಯ ಮೇಲೆ ೨೨೦೨ ಎಂದು ಬರೆದು, ಆ ಅಂಕಿಯು ಹಾದುಬಂದ ಸಭೆಗಳನ್ನೂ ಕಚೇರಿಗಳನ್ನೂ ಒಂದೊಂದಾಗಿ ಹೇಳಿದೆನು. ಮುಕ್ಕಾಲು ಮಕ್ಕಳು ಆಕಳಿಸಿದರು. ಅವನು ಮಾತ್ರ ಕೊನೆಯ ವರೆಗೂ ಕೇಳಿ, "ಹಂಗಾದ್ರ ಗುರುಗಳೇ, ಸೆಪ್ಟೆಂಬರ ಮೂವತ್ತಕ್ಕ ನನ್ನ ತಂಗೀನ್ನೂ ಕರಕೊಂಡು ಬರಲೇನ್ರಿ?" ಎಂದನು. ಅವಳಿಗೆ ಇನ್ನೂ ಐದು ತುಂಬಿರಲಿಲ್ಲ.